ಮಕ್ಕಳ ಮನಸ್ಸಿಗೆ ನಾವು ಹಾಕುವ ಭಯ

 



ಶೇಂಗಾ ಸುಗ್ಗಿ ಮುಗಿಯಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಬಸ್ ನಿಲ್ದಾಣಗಳಲ್ಲಿ ರಾತ್ರಿ ಹೊತ್ತು ಗಂಟುಮೂಟೆ ಹಿಡಿದು ನಿಂತ ಕುಟುಂಬಗಳು ಕಾಣುತ್ತವೆ. ಮಳೆಯನ್ನೇ ನಂಬಿದ ನಮ್ಮ ಸೀಮೆಗೆ ಗುಳೆ ಹೊಸದಲ್ಲ. ಕೆಲವರು ಕಬ್ಬು ಕಡಿಯಲು ಹೋಗುತ್ತಾರೆ, ಕೆಲವರು ಕಾಫಿ ತೋಟಕ್ಕೆ. ನಮ್ಮ ಮೊಹಲ್ಲಾದವರು ಹೆಚ್ಚಾಗಿ ಬೆಂಗಳೂರಿಗೆ, ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ. ಶಾಲೆ ತಪ್ಪಬಾರದೆಂದು ಮಕ್ಕಳನ್ನು ನಾನಿಯ ಹತ್ತಿರವೋ ದಾದಿಯ ಹತ್ತಿರವೋ ಬಿಡುತ್ತಾರೆ. ಹಾಗೆ ಉಳಿದ ಒಂದು ಮಗುವಿನ ಮಾತಿನಿಂದ ಇವತ್ತು ಶುರು ಮಾಡುತ್ತೇವೆ.

ಫಜ್ರ್ ನಂತರ ನಮ್ಮ ಮಕ್ತಬ್‌ಗೆ ಬರುವ ಒಬ್ಬ ಹುಡುಗ. ಆರು ವರ್ಷ. ಒಂದು ದಿನ ಸಬಕ್ ಓದದೇ ಬಂದು, ಓದಿದ್ದೇನೆ ಎಂದ. ನಮಗೆ ಗೊತ್ತಾಯಿತು. ಎಲ್ಲ ಮಕ್ಕಳ ಮುಂದೆ ಅವನನ್ನು ನಿಲ್ಲಿಸಿ, ಸುಳ್ಳು ಹೇಳುವವರ ಮನೆಗೆ ಅಲ್ಲಾಹ್ ಮುಸೀಬತ್ ಕಳಿಸುತ್ತಾನೆ ಎಂದೆವು. ನಮಗೆ ನಮ್ಮ ಉಸ್ತಾದರು ಹೇಳಿದ್ದ ಮಾತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆವು. ಎಂಟು ದಿನ ಕಳೆದಿರಲಿಲ್ಲ, ಅವನ ಅಬ್ಬಾ ಬೆಂಗಳೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂತು. ಹುಡುಗ ಮಕ್ತಬ್‌ಗೆ ಬರುವುದನ್ನು ಬಿಟ್ಟ. ಹೊಟ್ಟೆನೋವು ಎನ್ನುತ್ತಾನೆ, ಊಟ ಬಿಟ್ಟಿದ್ದಾನೆ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ, ಏನೋ ಗಾಳಿ ಬಡಿದಿದೆ, ಒಂದು ತಾಯಿತ ಕೊಡಿ ಹಜರತ್ ಎಂದು ನಾನಿ ಬಂದು ಕೂತರು. ನಾವು ಮನೆಗೆ ಹೋದೆವು. ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ ನೆಲ ನೋಡುತ್ತಾ ಕೇಳಿದ: "ಹಜರತ್, ನಾನು ಸುಳ್ಳು ಹೇಳಿದ್ದಕ್ಕೆ ಅಲ್ವಾ ಅಲ್ಲಾಹ್ ಅಬ್ಬಾನ್ನ ಬೀಳಿಸಿದ್ದು?"

ಗಾಳಿಯಲ್ಲ ಸಹೋದರರೇ, ಆ ಮಗುವಿಗೆ ಬಡಿದದ್ದು ನಮ್ಮ ಮಾತು.

ಬಿಎ ಓದುವಾಗ ನಮಗೂ ಸ್ವಲ್ಪ ಮನಃಶಾಸ್ತ್ರ ಇತ್ತು. ಪರೀಕ್ಷೆಗೆ ಬರೆದು ಮರೆತಿದ್ದೆವು. ಆ ರಾತ್ರಿ ಹಳೆಯ ಪುಸ್ತಕ ಹುಡುಕಿ ತೆಗೆದೆವು. ಸ್ವಿಟ್ಜರ್ಲೆಂಡಿನಲ್ಲಿ ಝಾನ್ ಪಿಯಾಜೆ ಎಂಬ ವಿದ್ವಾಂಸರಿದ್ದರು, 1896ರಲ್ಲಿ ಹುಟ್ಟಿದವರು. ಮಕ್ಕಳ ಮುಂದೆ ಕೂತು, ಆಟವಾಡಿಸಿ, ಪ್ರಶ್ನೆ ಕೇಳಿ, ಅವರು ಹೇಗೆ ಯೋಚಿಸುತ್ತಾರೆ ಎಂದು ಜೀವನವಿಡೀ ನೋಡಿದರು. ಅವರು ಕಂಡ ದೊಡ್ಡ ವಿಷಯ ಇಷ್ಟೇ: ಮಗು ಕಡಿಮೆ ತಿಳಿದ ದೊಡ್ಡ ಮನುಷ್ಯನಲ್ಲ. ಅದರ ಯೋಚನೆಯ ದಾರಿಯೇ ಬೇರೆ.

ಇದನ್ನು ನೀವೇ ಮನೆಯಲ್ಲಿ ನೋಡಬಹುದು. ನಾಲ್ಕೈದು ವರ್ಷದ ಮಗುವಿನ ಮುಂದೆ ಶೇಂಗಾ ಬೀಜಗಳನ್ನು ಎರಡು ಸಾಲಾಗಿ ಇಡಿ, ಸಾಲಿಗೆ ಆರು. ಎರಡೂ ಸಮ ಎಂದು ಮಗು ಒಪ್ಪುತ್ತದೆ. ಈಗ ಅದರ ಕಣ್ಣೆದುರೇ ಒಂದು ಸಾಲನ್ನು ಬಿಡಿಬಿಡಿಯಾಗಿ ಹರಡಿ ಉದ್ದ ಮಾಡಿ. ಯಾವುದರಲ್ಲಿ ಜಾಸ್ತಿ ಇದೆ ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಉದ್ದ ಸಾಲನ್ನೇ ತೋರಿಸುತ್ತಾರೆ. ಒಂದೇ ಅಳತೆಯ ಎರಡು ಲೋಟ ನೀರಿನಲ್ಲಿ ಒಂದನ್ನು ಎತ್ತರದ ಸಪೂರ ಗ್ಲಾಸಿಗೆ ಹೊಯ್ದರೂ ಹಾಗೇ, ಎತ್ತರದ್ದರಲ್ಲಿ ಜಾಸ್ತಿ ಎನ್ನುತ್ತಾರೆ. ಬೈದರೆ ತಿದ್ದುವ ತಪ್ಪಲ್ಲ ಇದು. ಆರು, ಏಳು, ಎಂಟು ವರ್ಷ ಆಗುವಾಗ ತಾನಾಗಿಯೇ ಸರಿಯಾಗುತ್ತದೆ. ಪಿಯಾಜೆ ಹಾಕಿದ ವಯಸ್ಸಿನ ಗೆರೆಗಳು ಅಷ್ಟು ಗಟ್ಟಿಯಲ್ಲ, ಮಕ್ಕಳಿಗೆ ಅವರು ಎಣಿಸಿದ್ದಕ್ಕಿಂತ ಬೇಗ ಹಲವು ವಿಷಯ ತಿಳಿಯುತ್ತದೆ ಎಂದು ನಂತರದವರು ತೋರಿಸಿದ್ದಾರೆ. ಆದರೂ ಶೇಂಗಾ ಸಾಲು ಇವತ್ತಿಗೂ ನಮ್ಮ ಮಕ್ತಬ್‌ನ ಮಕ್ಕಳನ್ನು ಸೋಲಿಸುತ್ತದೆ, ನಾವು ಮಾಡಿ ನೋಡಿದ್ದೇವೆ. (ಆಟ ಮುಗಿದ ಮೇಲೆ ಬೀಜ ಯಾರಿಗೆ ಎಂಬ ವಿಷಯದಲ್ಲಿ ಮಾತ್ರ ಅವರ ಲೆಕ್ಕ ತಪ್ಪಿದ್ದಿಲ್ಲ.)

ಈ ವಯಸ್ಸಿನ ಮಗು ಎರಡು ಸಂಗತಿಗಳನ್ನು ಬೇಗ ಬೆಸೆಯುತ್ತದೆ. ಮೊದಲು ಇದಾಯಿತು, ಆಮೇಲೆ ಅದಾಯಿತು, ಹಾಗಾದರೆ ಅದಕ್ಕೆ ಇದೇ ಕಾರಣ. ನಡೆಯುವ ಎಲ್ಲದರ ನಡುವೆ ತನ್ನನ್ನೇ ಇಟ್ಟುಕೊಳ್ಳುತ್ತದೆ. ತಾನು ನಡೆದರೆ ಚಂದ್ರ ತನ್ನ ಹಿಂದೆ ಬರುತ್ತಾನೆ, ತಾನು ಹಠ ಮಾಡಿದ್ದರಿಂದ ಅಮ್ಮಿ ಊರು ಬಿಟ್ಟಳು, ತಾನು ಸುಳ್ಳಾಡಿದ್ದರಿಂದ ಅಬ್ಬಾ ಬಿದ್ದ. ನಾವು ದೊಡ್ಡವರು ಚಂದ್ರನ ಮಾತಿಗೆ ನಗುತ್ತೇವೆ. ಉಳಿದೆರಡನ್ನು ಮಗು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಮಗೆ ತಿಳಿಯುವುದೇ ಇಲ್ಲ.

1932ರಲ್ಲಿ ಪ್ರಕಟವಾದ ಒಂದು ಪುಸ್ತಕದಲ್ಲಿ ಪಿಯಾಜೆ ಮಕ್ಕಳಿಗೆ ಎರಡು ಕಥೆ ಹೇಳಿ ಕೇಳಿದ್ದನ್ನು ಬರೆದಿದ್ದಾರೆ. ಊಟಕ್ಕೆ ಕರೆದರೆಂದು ಬಾಗಿಲು ತೆರೆದು ಬಂದ ಹುಡುಗನಿಂದ, ಬಾಗಿಲ ಹಿಂದಿದ್ದ ಹದಿನೈದು ಕಪ್ಪುಗಳು ಅವನಿಗೆ ಗೊತ್ತಿಲ್ಲದೇ ಒಡೆದವು. ಇನ್ನೊಬ್ಬ ಕದ್ದು ತಿನ್ನಲು ಹೋಗಿ ಒಂದು ಕಪ್ಪು ಒಡೆದ. ಯಾರದು ದೊಡ್ಡ ತಪ್ಪು? ಸಣ್ಣ ಮಕ್ಕಳಲ್ಲಿ ಹಲವರು ಹದಿನೈದು ಒಡೆದವನದು ಎಂದರು. ದೊಡ್ಡ ಮಕ್ಕಳು ಮಾತ್ರ, ಅವನು ಬೇಕೆಂದು ಮಾಡಲಿಲ್ಲವಲ್ಲ ಎಂದರು. ಇದನ್ನು ಓದುವಾಗ ನಮಗೆ ಸಹೀಹ್ ಬುಖಾರಿಯ ಮೊದಲ ಹದೀಸ್ ನೆನಪಾಯಿತು. ಕರ್ಮಗಳ ಬೆಲೆ ನಿಯ್ಯತ್ತಿನ ಮೇಲೆ ಎಂಬ ಮಾತನ್ನು ನಾವು ಮಿಂಬರ್‌ನಿಂದ ಎಷ್ಟು ಸಲ ಹೇಳಿಲ್ಲ! ಆದರೆ ಮನೆಯಲ್ಲಿ ಹಾಲಿನ ಪಾತ್ರೆ ಉರುಳಿದಾಗ ನಮ್ಮ ಲೆಕ್ಕವೂ ಎಷ್ಟು ಲೀಟರ್ ಚೆಲ್ಲಿತು ಎಂಬುದೇ. ಮಗು ನಿಯ್ಯತ್ ಎಂದರೇನೆಂದು ಕಲಿಯಬೇಕಾದ ಜಾಗದಲ್ಲಿ ನಾವೇ ಕಪ್ಪು ಎಣಿಸುತ್ತಾ ಕೂತಿರುತ್ತೇವೆ.

ಇನ್ನು ನಮ್ಮ ಪ್ರವಾದಿ(ಸ)ರ ಮನೆಯ ಒಂದು ದಿನವನ್ನು ನೋಡಿ. ಹಿಜರಿ 10ನೇ ವರ್ಷ, ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡರು, ಎರಡು ವರ್ಷ ತುಂಬಿರಲಿಲ್ಲ. ಅದೇ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗ ಹೋದದ್ದಕ್ಕೆ ಸೂರ್ಯನೇ ಕಪ್ಪಾದ ಎಂದು ಮದೀನಾದಲ್ಲಿ ಜನ ಮಾತಾಡತೊಡಗಿದರು. ದುಃಖದಲ್ಲಿದ್ದ ತಂದೆಗೆ ಆ ಮಾತು ಸಮಾಧಾನವಾಗಿ ಕೇಳಿಸಬಹುದಿತ್ತು, ಸುಮ್ಮನಿದ್ದರೆ ಅವರ ಹಿರಿಮೆಯೂ ಬೆಳೆಯುತ್ತಿತ್ತು. ಅವರು ಸುಮ್ಮನಿರಲಿಲ್ಲ. ಸೂರ್ಯ, ಚಂದ್ರ ಅಲ್ಲಾಹನ ನಿದರ್ಶನಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರಿಗೆ ತಿಳಿಸಿದರು. ಒಂದೇ ದಿನ ನಡೆದವು ಎಂಬ ಕಾರಣಕ್ಕೆ ಎರಡು ಸಂಗತಿಗಳನ್ನು ಬೆಸೆಯಬೇಡಿ ಎಂದು ದೊಡ್ಡವರಿಗೇ ತಿದ್ದಿ ಹೇಳಬೇಕಾಯಿತು. ಹಾಗಿರುವಾಗ ಆರು ವರ್ಷದ ಮಗುವಿಗೆ ಯಾರು ಹೇಳಬೇಕು? ನಾವು ತಿದ್ದುವ ಬದಲು ಬೆಸುಗೆ ಹಾಕಿ ಕೊಟ್ಟಿದ್ದೆವು.

ಅದೇ ಮಗುವಿನ ಕೊನೆ ಗಳಿಗೆಯಲ್ಲಿ ಪ್ರವಾದಿ(ಸ) ಕಣ್ಣೀರು ಹಾಕಿದರು. ತಾವೂ ಅಳುವುದೇ ಎಂದು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಆಶ್ಚರ್ಯಪಟ್ಟಾಗ, ಇದು ಕರುಣೆ ಎಂದರು. ಹ. ಯಾಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾದವೆಂದು ಪವಿತ್ರ ಕುರ್‌ಆನ್ ಸೂರಃ ಯೂಸುಫ್‌ನಲ್ಲಿ ಹೇಳುತ್ತದೆ. ಪ್ರವಾದಿಗಳೇ ಅತ್ತಿದ್ದಾರೆ. ನಮ್ಮ ಮನೆಗಳಲ್ಲಿ ಮಾತ್ರ ನಾಲ್ಕು ವರ್ಷದ ಗಂಡುಮಗುವಿಗೆ, ಏನೋ ಹೆಣ್ಣಿನ ಹಾಗೆ ಅಳ್ತೀಯಲ್ಲೋ ಎನ್ನುತ್ತೇವೆ.

ಭಾವನೆ ಎಂಬುದು ಮಾತಿಗೆ ಬರುವ ಮೊದಲೇ ಮೈಯಲ್ಲಿರುತ್ತದೆ. ಹೆದರಿದಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ಹಿಂಡುತ್ತದೆ. ದೊಡ್ಡವರಿಗೆ ಅದಕ್ಕೆ ಭಯ, ಚಿಂತೆ, ನಾಚಿಕೆ ಎಂದು ಹೆಸರು ಗೊತ್ತು. ಮಗುವಿಗೆ ಹೊಟ್ಟೆ ಮಾತ್ರ ಗೊತ್ತು, ಹಾಗಾಗಿ ಹೊಟ್ಟೆನೋವು ಎನ್ನುತ್ತದೆ. ಅದು ನಾಟಕವಲ್ಲ. ಹೆಸರು ಕೊಡುವವರು ನಾವಾಗಬೇಕು. ಹ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತುಹೋಗಿತ್ತು. ಪ್ರವಾದಿ(ಸ) ಅವರ ಮನೆಗೆ ಬಂದಾಗ ಮಗುವಿನ ಮುಖ ಬಾಡಿದ್ದು ಕಂಡು, ಆ ಹಕ್ಕಿಗೆ ಏನಾಯಿತೆಂದು ಅವನನ್ನೇ ಮಾತಾಡಿಸಿದರು. ಒಂದು ಹಕ್ಕಿ ಹೋದರೆ ಇನ್ನೊಂದು ತಂದರಾಯಿತು ಎನ್ನಲಿಲ್ಲ. ರಾಜ್ಯದ ಹೊಣೆ, ವಹ್ಯಿಯ ಭಾರ ಹೊತ್ತವರಿಗೆ ಒಂದು ಗುಬ್ಬಿಯಂಥ ಹಕ್ಕಿಯ ವಿಷಯ ಕೇಳಲು ಸಮಯವಿತ್ತು.

ಕೆಲವು ಹಿರಿಯರು ನಮಗೆ ಹೇಳಿದರು: ಹಜರತ್, ಭಯ ತೆಗೆದುಬಿಟ್ಟರೆ ಮಕ್ಕಳು ಕೈಗೆ ಸಿಗುತ್ತಾರಾ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಲ್ಲಾಹನ ಭಯ ಈಮಾನಿನ ಭಾಗ. ಆದರೆ ಶರೀಅತ್ ಮಗುವನ್ನು ಎಲ್ಲಿಟ್ಟಿದೆ ನೋಡಿ. ಪ್ರಾಯಕ್ಕೆ ಬರುವ ತನಕ ಮಗುವಿನ ಮೇಲೆ ಲೇಖನಿಯೇ ಎತ್ತಿಟ್ಟಿದೆ, ಪಾಪ ಬರೆಯುವುದಿಲ್ಲ. ಅಲ್ಲಾಹ್ ಬರೆಯದ ಪಾಪಕ್ಕೆ ನಾವು ಶಿಕ್ಷೆ ಘೋಷಿಸುವುದು ಹೇಗೆ? ನಮಾಜ್ ಹೇಳಿಕೊಡಲು ಏಳನೇ ವರ್ಷ ಎಂದಿದೆ. ಹತ್ತನೇ ವರ್ಷದ ಶಿಸ್ತಿನ ಮಾತನ್ನು ಹಿಡಿದು ಐದು ವರ್ಷದ ಮಗುವಿಗೆ ಕೋಲೆತ್ತುವವರು, ಮೊದಲ ಏಳು ವರ್ಷವನ್ನೂ ನಂತರ ತಾಳ್ಮೆಯಿಂದ ಹೇಳಿಕೊಡಲು ಇಟ್ಟ ಮೂರು ವರ್ಷವನ್ನೂ ನುಂಗಿಬಿಡುತ್ತಾರೆ. ಪಿಯಾಜೆ ಕೂಡ ಏಳರ ಸುಮಾರಿಗೆ ಯೋಚನೆ ಬದಲಾಗುತ್ತದೆ ಎಂದರಲ್ಲ, ವಿಜ್ಞಾನ ಹದೀಸನ್ನು ಸಾಬೀತು ಮಾಡಿತು ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. ನಮ್ಮ ದೀನ್‌ಗೆ ಆ ಸರ್ಟಿಫಿಕೇಟ್ ಬೇಕಿಲ್ಲ, ಪಿಯಾಜೆಗೂ ಆ ಉದ್ದೇಶ ಇರಲಿಲ್ಲ.

ಮಕ್ಕಳಿಗೆ ಕಲಿಸುವಾಗ ಕಠಿಣವಾಗಿ ನಡೆದುಕೊಂಡರೆ ಅವರು ಸುಳ್ಳು, ಕಪಟ ಕಲಿಯುತ್ತಾರೆ, ಒಳಗೊಂದು ಹೊರಗೊಂದು ಆಗುತ್ತಾರೆ ಎಂದು ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಆರು ಶತಮಾನಗಳ ಹಿಂದೆಯೇ ಬರೆದಿದ್ದಾರೆ. ನಮ್ಮ ಹುಡುಗ ಸಬಕ್ ಓದಿದ್ದೇನೆಂದು ಸುಳ್ಳು ಹೇಳಿದ್ದು ಯಾಕೆ? ಓದಿಲ್ಲ ಎಂದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಮಕ್ತಬ್‌ನ ಮೂಲೆಯಲ್ಲಿ ಒಂದು ಬೆತ್ತ ಇತ್ತು ಸಹೋದರರೇ. ಶಾಲೆಗಳಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ, ನಮ್ಮಲ್ಲಿ ಅದು ಮೊನ್ನೆಯ ತನಕ ಗೋಡೆಗೆ ಒರಗಿಕೊಂಡೇ ಇತ್ತು. ಈಗ ಇಲ್ಲ.

ಗುಳೆ ಹೊರಡುವ ತಂದೆತಾಯಂದಿರಿಗೆ ಒಂದೆರಡು ಮಾತು. ಮಗು ಮಲಗಿದ್ದಾಗ ಕದ್ದು ಹೋಗಬೇಡಿ. ಅಳುತ್ತದೆ, ಅಳಲಿ. ಅತ್ತು ಕಳಿಸಿಕೊಟ್ಟ ಮಗುವಿಗೆ ನೀವು ಹೋದದ್ದು ಗೊತ್ತಿರುತ್ತದೆ. ಎದ್ದು ನೋಡಿದಾಗ ಅಮ್ಮಿ ಇಲ್ಲದ ಮಗು ಆಮೇಲೆ ನಿದ್ದೆಗೇ ಹೆದರುತ್ತದೆ. ಎಲ್ಲಿಗೆ, ಯಾಕೆ ಹೋಗುತ್ತೀರಿ ಎಂದು ಹೇಳಿ. ನಿನ್ನಿಂದಾಗಿ ಅಲ್ಲ, ದುಡಿಯಲು ಎಂದು ಬಾಯಿಬಿಟ್ಟು ಹೇಳಿ, ಒಂದು ಸಲ ಹೇಳಿದರೆ ಸಾಲದು. ಆರು ತಿಂಗಳು ಎಂಬುದು ಸಣ್ಣ ಮಗುವಿನ ಲೆಕ್ಕಕ್ಕೆ ಸಿಗುವುದಿಲ್ಲ, ರಂಜಾನ್ ಚಂದ್ರ ಕಂಡಾಗ ಬರುತ್ತೇವೆ ಎಂದರೆ ಸಿಗುತ್ತದೆ. ಬರಲಾಗದಿದ್ದರೆ ಹಾಗೆ ಹೇಳಲೂಬೇಡಿ. ಮಗುವನ್ನು ಏನೋ ಕೊಡುತ್ತೇನೆಂದು ಕರೆದ ತಾಯಿಗೆ ಪ್ರವಾದಿ(ಸ), ನಿಜವಾಗಿ ಏನು ಕೊಡಬೇಕೆಂದಿದ್ದೆ ಎಂದು ಕೇಳಿದರು. ಖರ್ಜೂರ ಎಂದಳು. ಏನೂ ಕೊಡದಿದ್ದರೆ ಅದೊಂದು ಸುಳ್ಳೆಂದು ನಿನ್ನ ಮೇಲೆ ಬರೆಯಲಾಗುತ್ತಿತ್ತು ಎಂದು ತಿಳಿಸಿದರು.

ನಾನಿ, ದಾದಿಯರೇ, ನೀನು ಹಠ ಮಾಡಿದ್ದಕ್ಕೇ ನಿಮ್ಮಮ್ಮಿ ಬಿಟ್ಟುಹೋದಳು ಎಂದು ತಮಾಷೆಗೂ ಅನ್ನಬೇಡಿ. ಮಗು ಅದನ್ನು ತಮಾಷೆ ಎಂದು ಕೇಳಿಸಿಕೊಳ್ಳುವುದಿಲ್ಲ.

ವಾರಗಟ್ಟಲೆ ಊಟ ನಿದ್ದೆ ಕೆಟ್ಟ ಮಗುವನ್ನು ಡಾಕ್ಟರ ಬಳಿಗೆ ಕರೆದೊಯ್ಯಬೇಕು. ದುಆ ಮಾಡೋಣ, ಅದರ ಜೊತೆಗೆ ಇದೂ. ಮನಸ್ಸಿಗೆ ಡಾಕ್ಟರಾ ಎಂದು ನಗುವವರಿಗೆ ನಮ್ಮದೇ ಸೀಮೆಯ ಒಂದು ವಿಷಯ ಗೊತ್ತಿರಲಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು, ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕೊಡಲಾಗುತ್ತದೆಯೇ ಎಂದು ನೋಡಲು ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಆಗ ನಮ್ಮ ಈ ಊರುಗಳೆಲ್ಲ ಬಳ್ಳಾರಿಗೇ ಸೇರಿದ್ದವು. ಇಲ್ಲಿನ ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ದೇಶದಲ್ಲಿ ಶುರುವಾದಾಗ ಅದಕ್ಕೆ ಮಾದರಿಯಾದದ್ದು ಇದೇ ಬಳ್ಳಾರಿ. ಇಡೀ ದೇಶ ನಮ್ಮ ಹಳ್ಳಿಗಳನ್ನು ನೋಡಿ ಕಲಿಯಿತು, ನಾವು ಮಾತ್ರ ಇನ್ನೂ ನಾಚಿಕೆಪಡುತ್ತೇವೆ. ಈಗ 14416 ನಂಬರಿಗೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ದುಡ್ಡು ತೆಗೆದುಕೊಳ್ಳದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆದುಕೊಳ್ಳಿ.

ಆ ಹುಡುಗನಿಗೆ ನಾವು ಏನು ಹೇಳಿದೆವು? ಹಜರತ್ ಹೇಳಿದ್ದು ತಪ್ಪು ಎಂದೆವು. ನಲವತ್ತು ದಾಟಿದ ಮನುಷ್ಯ ಆರು ವರ್ಷದವನ ಮುಂದೆ ಕೂತು ಹಾಗೆ ಹೇಳುವುದು ಸುಲಭವಲ್ಲ. ಅಬ್ಬಾ ಬಿದ್ದದ್ದು ಕಾಲಡಿಯ ಹಲಗೆ ಜಾರಿದ್ದರಿಂದ, ಅಲ್ಲಾಹ್ ನಿನ್ನ ಮೇಲೆ ಸಿಟ್ಟಾಗಿಲ್ಲ ಎಂದೆವು. ಅವನು ನಂಬಲಿಲ್ಲ. ಎರಡು ದಿನ ಬಿಟ್ಟು ಅದೇ ಪ್ರಶ್ನೆ ಕೇಳಿದ, ಅದೇ ಉತ್ತರ ಕೊಟ್ಟೆವು. ಅವನ ಅಬ್ಬಾನಿಂದ ಫೋನಿನಲ್ಲಿ ಹಲಗೆಯ ವಿಷಯ ಹೇಳಿಸಿದೆವು. ಆಗ ಅವನು ಕೇಳಿದ್ದು ಹಲಗೆ ಎಷ್ಟು ಉದ್ದ ಇತ್ತು ಎಂದು. ಮೂರನೇ ವಾರ ಮಕ್ತಬ್‌ಗೆ ಬಂದ. ಸಬಕ್ ಆಯ್ತಾ ಎಂದು ಕೇಳಿದೆವು. ಬೆತ್ತ ಇದ್ದ ಮೂಲೆಯನ್ನು ಒಮ್ಮೆ ನೋಡಿ, "ಇಲ್ಲ ಹಜರತ್, ಓದಿಲ್ಲ" ಎಂದ. ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ಓದಿದೆವು.

ಈ ವಾರ ಬೆಂಗಳೂರಿಗೆ ಹೊರಟಿರುವವರು, ಮಕ್ಕಳನ್ನು ಇಲ್ಲೇ ಬಿಟ್ಟು ಹೋಗುವವರು, ಸುನ್ನತ್ ಮುಗಿದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಮಕ್ಕಳ ಹೆಸರು, ನಿಮ್ಮ ಫೋನ್ ನಂಬರ್ ಬರೆದುಕೊಳ್ಳುತ್ತೇವೆ. ಶುಕ್ರವಾರ ಅಸರ್ ನಂತರ ಮಕ್ತಬ್‌ನ ಫೋನಿನಿಂದ ಅವರ ಕೈಯಲ್ಲೇ ನಿಮಗೆ ಕರೆ ಮಾಡಿಸುತ್ತೇವೆ. ಆ ಹೊತ್ತಿಗೆ ಫೋನ್ ಎತ್ತಿ.