ರೋಬೋಟಿನ ಕಣ್ಣಿಗೊಂದು ನಳಿಗೆ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಆಡಿದ ಮಾತು)



2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಿಂದ ಹಲವು ಶಾಲೆಗಳಿಗೆ ರೋಬೋಟ್ ಕಿಟ್‌ಗಳು ಬಂದಿವೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮಕ್ಕಳಿಂದ ನಾನು ಕೇಳಿದ ದೂರು ಒಂದೇ: "ಸರ್, ಎದುರಿಗೆ ಏನೂ ಇಲ್ದಿದ್ರೂ ಇದು ತಿರುಗ್ತದೆ." ಕಿಟ್ ಹಾಳೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದನ್ನೂ ನೋಡಿದ್ದೇನೆ. ಹೆಚ್ಚಿನ ಸಲ ಕಿಟ್ ಹಾಳಾಗಿರುವುದಿಲ್ಲ. ಅದರ ನೋಟ ತೀರ ಅಗಲ, ಅಷ್ಟೇ.

ಆ ಕಣ್ಣಿನಲ್ಲಿ ಎರಡು ಭಾಗಗಳಿವೆ. ಎಲ್‌ಇಡಿ ನಮಗೆ ಕಾಣದ ಅವಕೆಂಪು ಬೆಳಕು ಚೆಲ್ಲುತ್ತದೆ. ವಸ್ತುವಿಗೆ ತಾಗಿ ಮರಳಿದ ಬೆಳಕನ್ನು ಫೋಟೋಡಯೋಡ್ ಹಿಡಿಯುತ್ತದೆ. ಟಿಎಸ್‌ಎಎಲ್ 6200 ಎಂಬ ಎಲ್‌ಇಡಿಯ ಬೆಳಕು 17 ಡಿಗ್ರಿ ಓರೆಯಲ್ಲಿಯೂ ಅರ್ಧ ಬಲದಲ್ಲಿರುತ್ತದೆ. ಎರಡೂ ಬದಿ ಸೇರಿದರೆ 30 ಸೆಂ.ಮೀ. ದೂರದಲ್ಲಿ 18 ಸೆಂ.ಮೀ. ಅಗಲ. ಪಕ್ಕದ ಗೋಡೆಯೂ ಅದಕ್ಕೆ ಎದುರಿನ ಅಡ್ಡಿಯೇ. ಮಾಡ್ಯೂಲಿನ ಚಿಕ್ಕ ತಿರುಪು ತಿರುಗಿಸಿದರೆ ನೋಟದ ದೂರ ಕುಗ್ಗುತ್ತದೆ, ಆದರೆ ಹತ್ತಿರದ ಗೋಡೆ ಕಂಡೇ ಕಾಣುತ್ತದೆ.

ಕಾಸರಕೋಡಿನ ದಂಡೆಯಲ್ಲಿ ದೂರದ ದೋಣಿ ನೋಡುವವರು ಕಣ್ಣಿಗೆ ಕೈ ಮರೆಮಾಡುತ್ತಾರಲ್ಲ, ಇಲ್ಲಿಯೂ ಮದ್ದು ಅದೇ. ಫೋಟೋಡಯೋಡಿಗೆ 5 ಮಿ.ಮೀ. ಒಳವ್ಯಾಸದ ಕಪ್ಪು ನಳಿಗೆ ತೊಡಿಸಿ, 20 ಮಿ.ಮೀ. ಮುಂದೆ ಚಾಚಿರಲಿ. 2.5ನ್ನು 20ರಿಂದ ಭಾಗಿಸಿದರೆ ಕೋನದ ಟ್ಯಾನ್ ಸಿಗುತ್ತದೆ. ಕೋನ ಸುಮಾರು 7 ಡಿಗ್ರಿ. 18 ಸೆಂ.ಮೀ. ಇದ್ದ ಅಗಲ ಏಳೆಂಟಕ್ಕೆ ಇಳಿಯುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಯಾಕೆ ಎಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಮೂರು ಎಚ್ಚರಗಳು. ನಮಗೆ ಕಪ್ಪಾಗಿ ಕಂಡ ಪ್ಲಾಸ್ಟಿಕ್ಕೆಲ್ಲ ಅವಕೆಂಪನ್ನು ತಡೆಯುವುದಿಲ್ಲ; ಟಿವಿಯ ರಿಮೋಟ್ ಗ್ರಾಹಕದ ಕಪ್ಪು ಮುಚ್ಚಳವೇ ಸಾಕ್ಷಿ. ಉರಿಯುವ ಎಲ್‌ಇಡಿಯನ್ನು ಆ ನಳಿಗೆಯ ತುಂಡಿನಿಂದ ಪೂರ್ತಿ ಮುಚ್ಚಿ ಮೊಬೈಲಿನ ಮುಂಭಾಗದ ಕ್ಯಾಮೆರಾದಲ್ಲಿ ನೋಡಿ. ನೇರಳೆ ಮಿನುಗು ಕಂಡರೆ ನಳಿಗೆ ಬದಲಿಸಿ. ಎರಡನೆಯದು, ನೋಟ ಕಿರಿದಾದಷ್ಟೂ ಕುರ್ಚಿಯ ಕಾಲು ತಪ್ಪಿಹೋದೀತು. ಎಡಕ್ಕೊಂದು, ಬಲಕ್ಕೊಂದು ಕಣ್ಣು ಬೇಕು. ಮೂರನೆಯದು, ಬಿಸಿಲಿನಲ್ಲೂ ಅವಕೆಂಪು ಉಂಟು. ನಳಿಗೆ ಪಕ್ಕದ ಬಿಸಿಲನ್ನು ತಡೆದೀತು, ನೇರ ಬಿಸಿಲನ್ನಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ದೇಣಿಗೆ ಕೊಡೋಣ, ಜೊತೆಗೆ ತಿಂಗಳಿಗೊಂದು ಶನಿವಾರ ನಿಮ್ಮೂರಿನ ಶಾಲೆಗೆ ಬಂದು ಆ ಕಪಾಟಿನ ಬೀಗ ತೆಗೆಸಿರಿ. ಹೊಸ ಕಿಟ್ ಬರುವವರೆಗೆ ಕಾಯಬೇಕಿಲ್ಲ. ಒಂದು ಅಳತೆಪಟ್ಟಿ, ಒಂದು ತುಂಡು ನಳಿಗೆ, ಕೇಳುವ ಮಕ್ಕಳು ಇದ್ದರೆ ಸಾಕು.