ಖಿನ್ನತೆಯ ಗುಳಿಗೆ: ಶುರು ಮಾಡುವುದು, ಕಾಯುವುದು, ಬಿಡುವುದು



ಪುಣೆಯ ಸಾತಾರಾ ರಸ್ತೆಯ ಈ ಧನಕವಡಿ ಭಾಗದಲ್ಲಿ ಕಲಬುರಗಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ದುಡಿಯಲು ಬಂದವರಿದ್ದಾರೆ, ಭಾರತಿ ವಿದ್ಯಾಪೀಠಕ್ಕೆ ಓದಲು ಬಂದ ಮಕ್ಕಳಿದ್ದಾರೆ. ಖಿನ್ನತೆ ಬಂದಾಗ ನಮ್ಮವರು ಅದನ್ನು ಮೈಯ ಭಾಷೆಯಲ್ಲೇ ಹೇಳುತ್ತಾರೆ: "ಎದಿ ಭಾರ ಆಗೇದ್ರಿ, ನಿದ್ದಿ ಹತ್ತವಲ್ದು, ಯಾವುದ್ರಾಗೂ ಮನಸ್ಸಿಲ್ಲ." ಇಸಿಜಿ, ಥೈರಾಯ್ಡ್, ಬಿ-12 ಎಲ್ಲ ನೋಡಿಸಿದ ಮೇಲೆ ವೈದ್ಯರ ಚೀಟಿಯಲ್ಲಿ ಹಲವು ಸಲ ಒಂದು ಹೆಸರು ಬರುತ್ತದೆ: ಎಸ್ಸಿಟಾಲೋಪ್ರಾಮ್. ಇಂದಿನ ಉಪನ್ಯಾಸ ಆ ಗುಳಿಗೆಯ ಬಗ್ಗೆ. ಅದನ್ನು ನುಂಗುವವರು ಮಾತ್ರವಲ್ಲ, ಮನೆಯವರೂ ತಿಳಿದುಕೊಂಡರೆ ಔಷಧಕ್ಕೆ ಕೆಲಸ ಮಾಡಲು ಬೇಕಾದ ಕಾಲ ಸಿಗುತ್ತದೆ ಎಂಬುದೇ ನನ್ನ ಮಾತಿನ ತಿರುಳು.

1950ರ ದಶಕದಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಕೊಟ್ಟ ಐಪ್ರೋನಿಯಜಿಡ್ ರೋಗಿಗಳ ಮನಸ್ಸನ್ನೂ ಗೆಲುವಾಗಿಸಿತು. ಖಿನ್ನತೆಗೂ ಔಷಧವಿರಬಹುದೆಂಬ ನಂಬಿಕೆ ಬೆಳೆದದ್ದು ಹಾಗೆ. ಅಮೆರಿಕದಲ್ಲಿ 1987ರಲ್ಲಿ ಫ್ಲುಯೊಕ್ಸೆಟಿನ್‌ಗೆ, 2002ರಲ್ಲಿ ಎಸ್ಸಿಟಾಲೋಪ್ರಾಮ್‌ಗೆ ಅನುಮತಿ ಸಿಕ್ಕಿತು. ಒಂದು ನರಕೋಶ ಹೊರಬಿಟ್ಟ ಸೆರೊಟೋನಿನ್ ಅನ್ನು ಅದೇ ಕೋಶ ಬೇಗ ಹಿಂದಕ್ಕೆ ಎಳೆದುಕೊಳ್ಳದಂತೆ ಇವು ತಡೆಯುತ್ತವೆ. ಈ ತಡೆ ಕೆಲವೇ ಗಂಟೆಗಳಲ್ಲಿ ಶುರುವಾದರೂ, ಮನಸ್ಸು ಹಗುರವಾಗಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ಹೀಗಾಗಿ "ಸೆರೊಟೋನಿನ್ ಕಡಿಮೆಯಾಗಿದೆ, ತುಂಬಿಸಿದರೆ ಸಾಕು" ಎಂಬ ವಿವರಣೆ ಸಾಲದು.

ತೊಂದರೆ ಇರುವುದು ಈ ಕಾಯುವ ವಾರಗಳಲ್ಲೇ. ಗುಣ ಕಾಣುವ ಮೊದಲೇ ವಾಕರಿಕೆ, ತಲೆನೋವು, ಚಡಪಡಿಕೆ ಬರಬಹುದು. "ಇದು ನನಗೆ ಆಗಿಬರುವುದಿಲ್ಲ" ಎಂದು ಐದನೇ ದಿನಕ್ಕೇ ಗುಳಿಗೆ ಬಿಡುವವರಿದ್ದಾರೆ. ಅದಕ್ಕೇ ವೈದ್ಯರು ಹಲವು ಸಲ 5 ಮಿಲಿಗ್ರಾಂನಿಂದ ಶುರುಮಾಡಿ 10ಕ್ಕೆ ಏರಿಸುತ್ತಾರೆ. ಲೈಂಗಿಕ ಆಸಕ್ತಿ ಕುಗ್ಗುವುದೂ ಉಂಟು. ನಾಚಿಕೆಪಡದೆ ವೈದ್ಯರಿಗೆ ಹೇಳಬೇಕು. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯೂ ಇದೆ. ಹಾಸ್ಟೆಲಿನಲ್ಲಿರುವ ಮಗನಿಗೋ ಮಗಳಿಗೋ ಆಗ ದಿನಾ ಫೋನ್ ಮಾಡಿ, ಆಗಾಗ ಹೋಗಿ ನೋಡಿ.

ಸ್ಟ್ರಿಪ್ ತಿರುಗಿಸಿ ಓದಿ. ನಮ್ಮಲ್ಲಿ ಎಸ್ಸಿಟಾಲೋಪ್ರಾಮ್ ಜೊತೆ ಕ್ಲೊನಜೆಪಾಮ್ ಸೇರಿಸಿದ ಗುಳಿಗೆಗಳೂ ಧಾರಾಳವಾಗಿ ಸಿಗುತ್ತವೆ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಎರಡೂ ಹೆಸರು ಇರುತ್ತವೆ. ಕ್ಲೊನಜೆಪಾಮ್ ಬೇಗ ನಿದ್ದೆ ತರುತ್ತದೆ, ಬಹಳ ದಿನ ತೆಗೆದುಕೊಂಡರೆ ಚಟವಾಗಬಹುದು. "ಇದರಲ್ಲಿ ಎರಡು ಔಷಧ ಇದೆಯೇ, ಎಷ್ಟು ದಿನಕ್ಕೆ?" ಎಂದು ಕೇಳುವುದು ನಿಮ್ಮ ಹಕ್ಕು.

ವಯಸ್ಸಾದವರು ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಎಸ್ಸಿಟಾಲೋಪ್ರಾಮ್‌ನಿಂದ ರಕ್ತದಲ್ಲಿ ಸೋಡಿಯಂ ಇಳಿಯುವ ಅಪಾಯ ಹೆಚ್ಚು. ಆಸ್ಪಿರಿನ್, ನೋವಿನ ಗುಳಿಗೆ, ಟ್ರಮಡಾಲ್ ನಡೆದಿದ್ದರೆ ವೈದ್ಯರಿಗೆ ಹೇಳಲೇಬೇಕು. ಹಿಂದೆ ಉನ್ಮಾದ ಬಂದಿದ್ದರೆ ಅದನ್ನೂ ಮುಚ್ಚಿಡಬಾರದು.

ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಊರಿಗೆ ಹೊರಡುವಾಗ ಗುಳಿಗೆ ಮರೆತು ಹೀಗಾದವರು "ಚಟ ಹತ್ತಿತು" ಎಂದು ಹೆದರುತ್ತಾರೆ. ಅದು ಚಟವಲ್ಲ; ಆದರೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು.

ಎಲ್ಲ ದುಃಖಕ್ಕೂ ಗುಳಿಗೆ ಬೇಡ. ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆಯಿಂದಲೇ ಚಿಕಿತ್ಸೆ ಶುರುಮಾಡಬಹುದು. ಆದರೆ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮನೋರೋಗಗಳಿರುವವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಚಿಕಿತ್ಸೆಯಿಂದ ಹೊರಗಿದ್ದರು. ದಾರಿ ತೋಚದಿದ್ದರೆ 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಮನೆಯಲ್ಲಿ ಯಾರಾದರೂ ಈ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ "ಇನ್ನೂ ಎಷ್ಟು ದಿನ ಇದು?" ಎಂದು ಅವರನ್ನು ಕುಟುಕಬೇಡಿ. ಮುಂದಿನ ಭೇಟಿಯ ತಾರೀಖು ಕೇಳಿಕೊಂಡು, ಅಂದು ಅವರ ಜೊತೆಗೆ ಹೊರಡಿ.