ಇಟ್ಟಾ ಬೀನಾದ ಜೆರ್ರಿ ರೈಸ್

ಅಮೆರಿಕನ್ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಹೆಸರಲ್ಲಿ ಕಾಲಿದ್ದರೂ ಆಟ ಬಹುಪಾಲು ಕೈಯಲ್ಲೇ. ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುತ್ತಾನೆ, ಮೈದಾನದ ಅಂಚಿನಿಂದ ಓಡಿಬಂದು ಅದನ್ನು ಹಿಡಿಯುವವನೇ ವೈಡ್ ರಿಸೀವರ್. ಬ್ಯಾಟಿಗೆ ಬೆನ್ನುಹಾಕಿ ಬೌಂಡರಿಯತ್ತ ಓಡುತ್ತ ಕ್ಯಾಚ್ ಹಿಡಿಯುವ ಕ್ರಿಕೆಟ್ ಫೀಲ್ಡರನ್ನು ನೆನೆದುಕೊಳ್ಳಿ. ಅವನನ್ನು ಕೆಡವಲು ಇಬ್ಬರು ಗಟ್ಟಿಗರು ಬೆನ್ನಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಈ ಕೆಲಸದಲ್ಲಿ ಎಲ್ಲರನ್ನೂ ಮೀರಿಸಿದವನು ಜೆರ್ರಿ ರೈಸ್. ಹುಟ್ಟಿದ್ದು 1962ರಲ್ಲಿ, ಮಿಸಿಸಿಪಿ ರಾಜ್ಯದಲ್ಲಿ. ಅಪ್ಪ ಗಾರೆಕೆಲಸದವರು. ಬೇಸಿಗೆಯಲ್ಲಿ ಮಕ್ಕಳಿಗೂ ಅಲ್ಲೇ ದುಡಿಮೆ: ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಜೆರ್ರಿ ಸಾರುವೆಯ ಮೇಲೆ ನಿಂತು ಹಿಡಿಯುತ್ತಿದ್ದ. ಶಾಲೆಗೆ ಚಕ್ಕರ್ ಹಾಕಿ ಸಿಕ್ಕಿಬಿದ್ದಾಗ ಅವನು ಓಡಿದ ವೇಗ ಕಂಡ ಮೇಷ್ಟರು ಶಿಕ್ಷೆಯನ್ನೂ ಕೊಟ್ಟರು, ಫುಟ್‌ಬಾಲ್ ಕೋಚ್‌ಗೆ ಸುದ್ದಿಯನ್ನೂ ಮುಟ್ಟಿಸಿದರು.

ದೊಡ್ಡ ವಿಶ್ವವಿದ್ಯಾಲಯಗಳು ಆ ಹಳ್ಳಿ ಹುಡುಗನತ್ತ ತಿರುಗಿ ನೋಡಲಿಲ್ಲ. ಅವನು ಸೇರಿದ್ದು ಇಟ್ಟಾ ಬೀನಾ ಎಂಬ ಪುಟ್ಟ ಊರಿನ ಮಿಸಿಸಿಪಿ ವ್ಯಾಲಿ ಸ್ಟೇಟ್‌ಗೆ. ವರ್ಣಭೇದದ ಕಾಲದಲ್ಲಿ, 1950ರಲ್ಲಿ, ಕಪ್ಪು ವಿದ್ಯಾರ್ಥಿಗಳಿಗಾಗಿ ತೆರೆದ ಸಂಸ್ಥೆ ಅದು. ಅಲ್ಲಿನ ಕೋಚ್ ಆರ್ಚಿ ಕೂಲಿ ಕೌಬಾಯ್ ಟೊಪ್ಪಿಯ ಮನುಷ್ಯ. ನಾಲ್ವರು ರಿಸೀವರುಗಳನ್ನು ಒಂದೇ ಕಡೆ ಸಾಲಾಗಿ ನಿಲ್ಲಿಸುವುದು, ಎದುರಾಳಿ ಉಸಿರು ತೆಗೆದುಕೊಳ್ಳುವ ಮೊದಲೇ ಮುಂದಿನ ಚೆಂಡು ಎಸೆಯಿಸುವುದು ಅವರ ವರಸೆ. ಎಸೆಯುವವನು ವಿಲ್ಲಿ ಟಾಟನ್, ಹಿಡಿಯುವವನು ರೈಸ್. 1984ರಲ್ಲಿ ತಂಡದ ಸರಾಸರಿ ಪಂದ್ಯಕ್ಕೆ ಸುಮಾರು 60 ಅಂಕ. ಆಗಿನ ಬಹುತೇಕ ದೊಡ್ಡ ಕಾಲೇಜುಗಳು ಚೆಂಡು ಹಿಡಿದು ಓಡುವ ಆಟಕ್ಕೇ ಜೋತುಬಿದ್ದಿದ್ದವು. ಅಲ್ಲಿದ್ದರೆ ಇವನ ಕೈಗೆ ಇಷ್ಟು ಚೆಂಡು ಬರುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಆದರೂ ವೃತ್ತಿಪರ ತಂಡಗಳವರಿಗೆ ಅನುಮಾನ ಬಿಡಲಿಲ್ಲ. ಎದುರಾಳಿಗಳು ದುರ್ಬಲರು, ಹುಡುಗನಿಗೆ ವೇಗ ಸಾಲದು ಎಂದರು. ಕೋಚ್ ಬಿಲ್ ವಾಲ್ಷ್ ಮಾತ್ರ ಬೇರೆ ರೀತಿ ಯೋಚಿಸಿದರು. ಅವರ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಚಾಂಪಿಯನ್ ತಂಡವಾದ್ದರಿಂದ 1985ರ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ಆರಿಸುವ ಸರದಿಯಲ್ಲಿ, ಕೊನೆಗಿತ್ತು. ಮುಂದಿನ ಸುತ್ತಿನ ಆಯ್ಕೆಗಳನ್ನು ಬಿಟ್ಟುಕೊಟ್ಟು 16ನೇ ಸ್ಥಾನಕ್ಕೆ ಬಂದು ರೈಸ್‌ನನ್ನು ಪಡೆದರು. ಅದಕ್ಕೂ ಮುಂಚೆ ಬೇರೆ ತಂಡಗಳು ಇಬ್ಬರು ರಿಸೀವರುಗಳನ್ನು ಆರಿಸಿಯಾಗಿತ್ತು.

ಮೊದಲ ವರ್ಷ ಇಟ್ಟಿಗೆ ಹಿಡಿದ ಕೈಯಿಂದಲೇ ಚೆಂಡು ಜಾರಿತು. ಪ್ರೇಕ್ಷಕರು ಗೇಲಿ ಮಾಡಿದರು. 1987ರಲ್ಲಿ 12 ಪಂದ್ಯಗಳಲ್ಲಿ 22 ಟಚ್‌ಡೌನ್ ಕ್ಯಾಚ್‌ಗಳು, ಅಂದರೆ ಅಂಕ ತರುವ ಕ್ಯಾಚ್‌ಗಳು, ಬಂದ ಮೇಲೆ ಗೇಲಿ ನಿಂತಿತು. 1989ರ ಜನವರಿಯ ಸೂಪರ್ ಬೌಲ್ ಎಂಬ ಫೈನಲ್‌ನಲ್ಲಿ 11 ಕ್ಯಾಚ್, ಅವುಗಳಿಂದ ಮುಂದೆ ಸಾಗಿದ್ದು 215 ಗಜ, ಪಂದ್ಯಶ್ರೇಷ್ಠ. ಮುಂದೆ ಇನ್ನೆರಡು ಸೂಪರ್ ಬೌಲ್ ಗೆಲುವು. ಬಿಡುವಿನ ತಿಂಗಳುಗಳಲ್ಲಿ ಸ್ಯಾನ್ ಕಾರ್ಲೋಸ್ ಬಳಿಯ ಗುಡ್ಡ ಹತ್ತಿ ಓಡುತ್ತಿದ್ದ. ಜೊತೆಗೆ ಬಂದವರು ವಾಂತಿ ಮಾಡಿಕೊಳ್ಳುತ್ತಿದ್ದರಂತೆ. 2004ರ ಋತುವಿನಲ್ಲಿ ಕೊನೆಯ ಪಂದ್ಯ ಆಡುವಾಗ ವಯಸ್ಸು 42. ಕ್ಯಾಚ್‌ಗಳಿಂದ ಒಟ್ಟು 22,895 ಗಜ. ಈ ಪಟ್ಟಿಯಲ್ಲಿ ಎರಡನೆಯವನಾದ ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492ಕ್ಕೇ ನಿಂತ.

ಟಾಟನ್‌ಗೆ ವೃತ್ತಿಪರ ಆಟ ಅಷ್ಟಾಗಿ ಒಲಿಯಲಿಲ್ಲ. 1987ರ ಆಟಗಾರರ ಮುಷ್ಕರದ ವೇಳೆ ಬಫಲೊ ತಂಡದಲ್ಲಿ ಒಂದೆರಡು ಪಂದ್ಯ ಆಡಿದ. ಆಮೇಲೆ ತನ್ನ ಕಾಲೇಜಿಗೇ ಕೋಚ್ ಆಗಿ ಮರಳಿದ. ಇಟ್ಟಾ ಬೀನಾದ ಆ ಮೈದಾನಕ್ಕೆ ಈಗ ರೈಸ್-ಟಾಟನ್ ಸ್ಟೇಡಿಯಂ ಎಂದು ಹೆಸರು.